ಬಯಲುಸೀಮೆಯ ಬೇಸಿಗೆಯಲ್ಲಿ ಅಕ್ವೇರಿಯಂ: ನೀರನ್ನು ತಂಪಾಗಿಡುವ ಸಮಗ್ರ ಮಾರ್ಗದರ್ಶಿ

ಬೆಟಗೇರಿಯ ನಮ್ಮ ಮನೆ ಮೊದಲ ಮಹಡಿಯಲ್ಲಿದೆ, ತಲೆಯ ಮೇಲೆ ಆರ್‌ಸಿಸಿ ಚಾವಣಿ. ಮೀನಿನ ತೊಟ್ಟಿ ತಂದ ಮೊದಲ ವರ್ಷ, ಏಪ್ರಿಲ್‌ನ ಒಂದು ನಸುಕಿನಲ್ಲಿ ಎದ್ದು ದೀಪ ಹಾಕಿದಾಗ ಏಂಜಲ್ ಮೀನುಗಳೆಲ್ಲ ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ನಿಂತಿದ್ದವು. ಕಿವಿರುಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಎರಡು ಮೀನುಗಳು ಆಗಲೇ ಗಿಡಗಳ ನಡುವೆ ಮಗ್ಗುಲಾಗಿ ಬಿದ್ದಿದ್ದವು. ಥರ್ಮಾಮೀಟರ್ 33 ಡಿಗ್ರಿ ತೋರಿಸುತ್ತಿತ್ತು, ಅದೂ ಬೆಳಗಿನ ಐದು ಗಂಟೆಗೆ. ಗಾಬರಿಯಲ್ಲಿ ಫ್ರಿಜ್‌ನಲ್ಲಿದ್ದ ಐಸ್ ಅಷ್ಟನ್ನೂ ತಂದು ಸುರಿದೆ. ಮಧ್ಯಾಹ್ನದೊಳಗೆ ಇನ್ನೂ ಮೂರು ಹೋದವು. ಗಾಜಿನ ಮುಚ್ಚಳವನ್ನು ಬಿಗಿಯಾಗಿ ಮುಚ್ಚಿಟ್ಟದ್ದು ಮೊದಲ ತಪ್ಪು, ನೀರನ್ನು ಒಮ್ಮೆಲೇ ತಣ್ಣಗೆ ಮಾಡಿದ್ದು ಎರಡನೆಯದು.

ಅದಾದ ಬಳಿಕ ಇದೇ ಚಾವಣಿಯ ಕೆಳಗೆ ಆರು ಬೇಸಿಗೆಗಳು ಕಳೆದಿವೆ. ಬಿಸಿಲಿನ ಕಾರಣಕ್ಕೆ ಒಂದು ಮೀನೂ ಸತ್ತಿಲ್ಲ. ದಾರಿ ತೋರಿಸಿದ್ದು ಅಡುಗೆಮನೆಯ ಮೂಲೆಯಲ್ಲಿದ್ದ ಅವ್ವನ ಹರವಿ. ಹೊರಗೆ 39 ಡಿಗ್ರಿ ಬಿಸಿಲಿದ್ದರೂ ಅದರ ನೀರು ಗಂಟಲು ತಣಿಸುತ್ತದೆ. ಮಣ್ಣಿನ ಮೈ ಸಣ್ಣಗೆ ಬೆವರುತ್ತದೆ, ಆ ಬೆವರು ಒಣಗಾಳಿಗೆ ಆರುತ್ತದೆ, ಆರುವಾಗ ಒಳಗಿನ ಶಾಖವನ್ನು ಹೊತ್ತೊಯ್ಯುತ್ತದೆ. ಗದಗ, ಹುಬ್ಬಳ್ಳಿ, ಹಾವೇರಿಯ ಬೇಸಿಗೆ ಕರಾವಳಿಯಂತೆ ಮೈಗೆ ಅಂಟುವುದಿಲ್ಲ. ಮಾರ್ಚ್ ಏಪ್ರಿಲ್‌ನಲ್ಲಿ ಹಿಂಡಿ ಹಾಕಿದ ಬಟ್ಟೆ ನೋಡನೋಡುತ್ತಲೇ ಗರಿಗರಿಯಾಗುತ್ತದೆ. ಮಂಗಳೂರಿನ ಮೀನುಪ್ರಿಯರಿಗೆ ಇಲ್ಲದ ಈ ಅನುಕೂಲ ನಮಗಿದೆ. ಕೆಳಗೆ ಹೇಳುವ ವಿಧಾನವೆಲ್ಲ ತೊಟ್ಟಿಯನ್ನು ಒಂದು ಹರವಿಯಂತೆ ನಡೆಸಿಕೊಳ್ಳುವ ವಿಧಾನ.

ಬಿಸಿ ನೀರಿನಲ್ಲಿ ಮೀನಿಗೆ ಆಗುವುದೇನು

ಉಷ್ಣವಲಯದ ಮೀನು ಎಂಬ ಹೆಸರು ಕೇಳಿ, ಅದಕ್ಕೆ ಬಿಸಿಲು ತಡೆಯುತ್ತದೆ ಎಂದು ಹಲವರು ನಂಬುತ್ತಾರೆ. ಏಂಜಲ್ ಮತ್ತು ನಿಯಾನ್ ಟೆಟ್ರಾಗಳ ಮೂಲ ಅಮೆಜಾನ್ ನದಿಯ ಸೀಮೆ, ಫೈಟರ್ ಮೀನಿನದು ಥಾಯ್ಲೆಂಡ್. ಅಲ್ಲಿಯ ನೀರಿನ ಮೇಲೆ ಮರಗಳ ಇಲ್ಲವೇ ಕಳೆಗಿಡಗಳ ನೆರಳಿರುತ್ತದೆ, ಮೀನಿಗೆ ತಂಪಿನ ಕಡೆಗೆ ಸರಿಯುವ ಸ್ವಾತಂತ್ರ್ಯವಿರುತ್ತದೆ. ನಾಲ್ಕು ಗಾಜಿನ ನಡುವೆ ಇರುವ ಮೀನಿಗೆ ಸರಿಯಲು ಜಾಗವಿಲ್ಲ.

ಹೆಚ್ಚಿನ ಅಕ್ವೇರಿಯಂ ಮೀನುಗಳಿಗೆ 24ರಿಂದ 28 ಡಿಗ್ರಿ ಹಿತ. ಗಪ್ಪಿ, ಮೋಲಿ, ಗೌರಾಮಿ, ಫೈಟರ್‌ಗಳು 30 ಡಿಗ್ರಿಯನ್ನು ಕೆಲವು ದಿನ ಸಹಿಸುತ್ತವೆ. ಡಿಸ್ಕಸ್‌ಗೆ 28ರಿಂದ 30 ಸಹಜವೇ. ನಿಯಾನ್ ಟೆಟ್ರಾ, ಕೋರಿಡೋರಸ್, ಜೀಬ್ರಾ ಡೇನಿಯೊ 28 ದಾಟಿದರೆ ಬಳಲುತ್ತವೆ. ಪಶ್ಚಿಮ ಘಟ್ಟದ ಹರಿಯುವ ಹೊಳೆಗಳ ಡೆನಿಸನ್ ಬಾರ್ಬ್ ಕೂಡ ತಂಪು ನೀರಿನದೇ. ಗೋಲ್ಡ್‌ಫಿಶ್ ಅಂತೂ ಚೀನಾದ ತಂಪು ನೀರಿನ ಮೀನು, ಅದಕ್ಕೆ 25 ದಾಟುವುದೇ ಹೆಚ್ಚು. ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಸಾಕುವುದೂ ಅದನ್ನೇ, ಬೇಸಿಗೆಯಲ್ಲಿ ಕಳೆದುಕೊಳ್ಳುವುದೂ ಅದನ್ನೇ.

ಮೀನನ್ನು ಕೊಲ್ಲುವುದು ಬಹುಪಾಲು ಉಸಿರುಗಟ್ಟುವಿಕೆ. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಸುಮಾರು 8.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ, 33 ಡಿಗ್ರಿಗೆ ಅದು 7.2ಕ್ಕೆ ಇಳಿಯುತ್ತದೆ. ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಎತ್ತರದಲ್ಲಿರುವ ಹುಬ್ಬಳ್ಳಿ, ಗದಗಗಳಲ್ಲಿ ಇನ್ನೂ ಒಂದಿಷ್ಟು ಕಡಿಮೆ. ಅತ್ತ ಮೀನಿನ ಮೈ ನೀರಿನಷ್ಟೇ ಬಿಸಿಯಾಗುವುದರಿಂದ ಅದರ ಆಮ್ಲಜನಕದ ಬೇಡಿಕೆ ಏರುತ್ತದೆ: 10 ಡಿಗ್ರಿ ಹೆಚ್ಚಿದರೆ ಸರಿಸುಮಾರು ಇಮ್ಮಡಿ. ಇದರ ಜೊತೆಗೆ ಅಮೋನಿಯಾ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾದ ವಿಷಕಾರಿ ರೂಪ, ನೀರು ಬಿಸಿಯಾದಷ್ಟೂ ಮತ್ತು ಪಿಎಚ್ ಏರಿದಷ್ಟೂ ಹೆಚ್ಚುತ್ತದೆ. ಕ್ಷಾರದ ಬೋರ್ ನೀರು ಬಳಸುವವರು ಇದನ್ನು ಮರೆಯಬಾರದು.

ಮೊದಲ ಹೆಜ್ಜೆ: ಒಂದು ವಾರ ಅಳೆಯಿರಿ

ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋಗುತ್ತದೆ ಎನ್ನುತ್ತಾರಲ್ಲ, ಅಂದೇ ಕೆಲಸ ಶುರು ಮಾಡಿ. ಒಂದು ಗಾಜಿನ ಥರ್ಮಾಮೀಟರನ್ನು ನೀರಿನೊಳಗೆ ಇಳಿಸಿ. ಗಾಜಿನ ಹೊರಗೆ ಅಂಟಿಸುವ ಬಣ್ಣದ ಪಟ್ಟಿಯನ್ನು ನಂಬಬೇಡಿ, ಅದು ಕೋಣೆಯ ಬಿಸಿಯನ್ನೂ ಸೇರಿಸಿ ತೋರಿಸುತ್ತದೆ. ಬೆಳಿಗ್ಗೆ ಆರು, ಮಧ್ಯಾಹ್ನ ಮೂರು, ರಾತ್ರಿ ಎಂಟು, ಹೀಗೆ ಮೂರು ಹೊತ್ತು ಓದಿ ಒಂದು ಹಾಳೆಯಲ್ಲಿ ಬರೆದು ತೊಟ್ಟಿಯ ಪಕ್ಕದಲ್ಲೇ ಅಂಟಿಸಿ.

ನಮ್ಮ ಮನೆಯಲ್ಲಿ ಅತಿ ಹೆಚ್ಚು ಬಿಸಿ ದಾಖಲಾದದ್ದು ರಾತ್ರಿ ಎಂಟಕ್ಕೆ. ಹಗಲಿಡೀ ಬಿಸಿಲು ಕುಡಿದ ಚಾವಣಿ ಸಂಜೆಯ ಮೇಲೆ ಅದನ್ನು ಒಳಗೆ ಬಿಡುತ್ತದೆ. ಹಳೆಯ ಮಣ್ಣಿನ ಮಾಳಿಗೆಯ ಮನೆಯಿರುವ ನನ್ನ ಗೆಳೆಯನ ಪಡಸಾಲೆಯಲ್ಲಿ ಇಡೀ ದಿನದಲ್ಲಿ ಒಂದೂವರೆ ಡಿಗ್ರಿಯೂ ಏರಿಳಿಯುವುದಿಲ್ಲ. ಧಾರವಾಡದಲ್ಲಿ ರಾತ್ರಿ ಬೀಸುವ ತಂಗಾಳಿ ಮುಂಡರಗಿ, ರೋಣದ ಕಡೆ ಸಿಗುವುದಿಲ್ಲ. ನಿಮ್ಮ ಮನೆಯ ಲೆಕ್ಕ ನಿಮ್ಮ ಹಾಳೆಯಲ್ಲೇ ಇರುತ್ತದೆ.

ತೊಟ್ಟಿಯಲ್ಲಿ ಎಷ್ಟು ಲೀಟರ್ ನೀರಿದೆ ಎಂಬುದೂ ಗೊತ್ತಿರಲಿ. ಉದ್ದ, ಅಗಲ, ನೀರಿನ ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿ. ಮೂರಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿ ಎಂದರೆ ಸುಮಾರು 100 ಲೀಟರ್. ಮುಂದಿನ ಲೆಕ್ಕಗಳೆಲ್ಲ ಇಂಥ ತೊಟ್ಟಿಯವು.

ಎರಡನೆಯ ಹೆಜ್ಜೆ: ಶಾಖ ಬರುವ ದಾರಿಗಳನ್ನು ಮುಚ್ಚಿ

ಹೀಟರ್ ಇದ್ದರೆ ಪ್ಲಗ್‌ನಿಂದ ಕಿತ್ತು ತೆಗೆದಿಡಿ. 26ಕ್ಕೆ ಇಟ್ಟಿದ್ದೇನೆ, ತಾನಾಗಿಯೇ ಆರುತ್ತದೆ ಎಂದು ಬಿಡಬೇಡಿ. ಹಳೆಯ ಹೀಟರಿನ ಥರ್ಮೋಸ್ಟಾಟ್ ಅಂಟಿಕೊಂಡರೆ ಬೇಸಿಗೆಯ ನೀರನ್ನು ಅದು ಇನ್ನಷ್ಟು ಕಾಯಿಸುತ್ತದೆ.

ಪಶ್ಚಿಮದ ಗೋಡೆಗೆ ತಾಗಿಸಿದ ತೊಟ್ಟಿಯನ್ನು ಬೇಸಿಗೆಗೆ ಮುನ್ನವೇ ಬೇರೆಡೆ ಸಾಗಿಸಿ. ನೀರು ತುಂಬಿದ ತೊಟ್ಟಿಯನ್ನು ಎಂದೂ ಎತ್ತಬಾರದು, ಮೂಲೆಯ ಅಂಟು ಬಿರಿಯುತ್ತದೆ. ಸರಿಸಲು ಆಗದಿದ್ದರೆ ಗೋಡೆಗೂ ಗಾಜಿಗೂ ನಡುವೆ ಒಂದು ಥರ್ಮಕೋಲ್ ಹಾಳೆ ಇಳಿಬಿಡಿ. ಕಿಟಕಿಯಿಂದ ಬಿಸಿಲು ಬೀಳುವಂತಿದ್ದರೆ ದಪ್ಪ ಪರದೆ ಬೇಕೇ ಬೇಕು.

ದೀಪವನ್ನು ದಿನಕ್ಕೆ ಆರು ಗಂಟೆಗೆ ಇಳಿಸಿ. ಹಳೆಯ ಟ್ಯೂಬ್‌ಲೈಟ್ ಇದ್ದರೆ ಎಲ್‌ಇಡಿಗೆ ಬದಲಿಸಿ.

ನೀರಿನೊಳಗೆ ಮುಳುಗಿರುವ ಮೋಟಾರಿನ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಅದು ಎಳೆಯುವ ವಿದ್ಯುತ್ತು ಹೆಚ್ಚುಕಡಿಮೆ ಎಲ್ಲವೂ ಶಾಖವಾಗಿ ನೀರಿಗೇ ಸೇರುತ್ತದೆ. 25 ವ್ಯಾಟ್‌ನ ಫಿಲ್ಟರ್ ದಿನವಿಡೀ ನಡೆದರೆ ಅದು ಸುರಿಯುವ ಶಾಖ, ಹೊರಗೆ ಹೋಗುವ ದಾರಿ ಇಲ್ಲದಿದ್ದರೆ, 100 ಲೀಟರ್ ನೀರನ್ನು 5 ಡಿಗ್ರಿ ಏರಿಸುವಷ್ಟು. ಹಾಗೆಂದು ಫಿಲ್ಟರನ್ನು ಆರಿಸಬೇಡಿ. ಅದರೊಳಗಿನ ಉಪಕಾರಿ ಬ್ಯಾಕ್ಟೀರಿಯಾಗಳು ಆಮ್ಲಜನಕವಿಲ್ಲದೆ ಸಾಯುತ್ತವೆ, ಅಮೋನಿಯಾ ಏರುತ್ತದೆ. ಮೋಟಾರು ಹೊರಗಿರುವ ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರನ್ನು ಫೆಬ್ರವರಿಯಲ್ಲೇ ಹಳೆಯ ಫಿಲ್ಟರಿನ ಜೊತೆಗೆ ಇಳಿಸಿ, ಒಂದೂವರೆ ತಿಂಗಳು ಎರಡನ್ನೂ ನಡೆಸಿ, ಆಮೇಲೆ ಹಳೆಯದನ್ನು ಹೊರತೆಗೆಯಿರಿ.

ಮೂರನೆಯ ಹೆಜ್ಜೆ: ಮುಚ್ಚಳ ತೆಗೆದು ಗಾಳಿ ಹಾಯಿಸಿ

ಇಡೀ ಕೆಲಸದ ಜೀವಾಳ ಇದೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೌಲ್ ಶಾಖವನ್ನು ಎಳೆದುಕೊಳ್ಳುತ್ತದೆ. ಒಂದು ಕಿಲೋ ಐಸ್ ಕರಗಿ 30 ಡಿಗ್ರಿಗೆ ಬರುವಾಗ ಎಳೆದುಕೊಳ್ಳುವುದು ಸುಮಾರು 460. ಐಸ್ ಹಾಕಿದರೆ 100 ಲೀಟರಿನಲ್ಲಿ ಒಂದು ಡಿಗ್ರಿ ಇಳಿಯುತ್ತದೆ, ಅಷ್ಟೇ ತೂಕದ ನೀರು ಆವಿಯಾದರೆ ಅದರ ಐದು ಪಟ್ಟು ಶಾಖ ಹೊರಗೆ ಹೋಗುತ್ತದೆ. ಈ ಲೆಕ್ಕ ಕಂಡ ದಿನದಿಂದ ನಾನು ಫ್ರಿಜ್‌ನ ಕಡೆ ಓಡುವುದನ್ನು ಬಿಟ್ಟೆ.

ಬೇಕಾದದ್ದು: ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಇರುವಂಥ, 120 ಮಿಲಿಮೀಟರ್ ಅಗಲದ 12 ವೋಲ್ಟ್ ಫ್ಯಾನ್ ಎರಡು. ಕಂಪ್ಯೂಟರ್ ದುರಸ್ತಿ ಮಾಡುವ ಅಂಗಡಿಗಳಲ್ಲಿ ಹಳೆಯದೂ ಸಿಗುತ್ತದೆ. 12 ವೋಲ್ಟ್, 1 ಆಂಪಿಯರ್‌ನ ಅಡಾಪ್ಟರ್ ಒಂದು. ಸೊಳ್ಳೆ ಪರದೆಯ ಬಲೆ. ಎರಡು ಎಲ್ ಆಕಾರದ ಪಟ್ಟಿ ಅಥವಾ ಗಟ್ಟಿ ತಂತಿ.

ಗಾಜಿನ ಮುಚ್ಚಳವನ್ನು ಪೂರ್ತಿ ತೆಗೆಯಿರಿ. ಅದರ ಜಾಗದಲ್ಲಿ ಬಲೆಯನ್ನು ಬಿಗಿಯಾಗಿ ಎಳೆದು ಅಂಚಿಗೆ ಕ್ಲಿಪ್ ಹಾಕಿ. ಗಪ್ಪಿ, ಡೇನಿಯೊ, ಬಾರ್ಬ್‌ಗಳು ಚಿಮ್ಮಿ ಹೊರಗೆ ಬೀಳುತ್ತವೆ. ಬೆಕ್ಕು, ಹಲ್ಲಿಗಳಿಗೂ ಬಲೆ ತಡೆ.

ಫ್ಯಾನ್‌ಗಳನ್ನು ತೊಟ್ಟಿಯ ಒಂದು ತುದಿಯಲ್ಲಿ, ನೀರಿನಿಂದ ಒಂದು ಗೇಣಿಗಿಂತ ಕಡಿಮೆ ಎತ್ತರದಲ್ಲಿ, ಗಾಳಿ ಓರೆಯಾಗಿ ಮೇಲ್ಮೈಯನ್ನು ಸವರಿಕೊಂಡು ಎದುರು ತುದಿಗೆ ಹೋಗುವಂತೆ ಕಟ್ಟಿ. ನೇರ ಕೆಳಕ್ಕೆ ಬೀಸಿದರೆ ತೇವದ ಗಾಳಿ ಅಲ್ಲಿಯೇ ಸುಳಿಯುತ್ತದೆ. ಸರಿಯಾಗಿದೆಯೇ ಎಂದು ನೋಡಲು ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಬೆಳಕಿಗೆ ಎದುರಾಗಿ ನೋಡಿ: ರೇಷ್ಮೆ ಬಟ್ಟೆಯ ನಿರಿಗೆಯಂಥ ಸಣ್ಣ ಅಲೆಗಳು ಈ ತುದಿಯಿಂದ ಆ ತುದಿಯವರೆಗೆ ಓಡುತ್ತಿರಬೇಕು. ಅಲೆ ನಡುವೆಯೇ ಸತ್ತರೆ ಫ್ಯಾನನ್ನು ಇನ್ನಷ್ಟು ಮಲಗಿಸಿ.

ವೈರುಗಳ ವಿಷಯದಲ್ಲಿ ಸಡಿಲ ಬೇಡ. ಪ್ರತಿ ವೈರೂ ಪ್ಲಗ್ ತಲುಪುವ ಮುನ್ನ ಕೆಳಕ್ಕೆ ಜೋತು ಮತ್ತೆ ಮೇಲೇರಬೇಕು, ಆಗ ಹರಿದು ಬಂದ ನೀರು ಪ್ಲಗ್ ಸೇರದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಅಡಾಪ್ಟರ್ ತೊಟ್ಟಿಯ ಮೇಲೆ ಇರಕೂಡದು. ನೀರಿಗೆ ಕೈ ಹಾಕುವ ಮುನ್ನ ಎಲ್ಲ ಸ್ವಿಚ್ ಆರಿಸಿ.

ನನ್ನ ಹಾಳೆಯ ಪ್ರಕಾರ ಫ್ಯಾನ್ ಇಲ್ಲದ ದಿನ ರಾತ್ರಿ ಎಂಟಕ್ಕೆ 33.5 ಇದ್ದ ನೀರು, ಫ್ಯಾನ್ ಹಾಕಿದ ಮೂರನೆಯ ದಿನ 29.5ಕ್ಕೆ ನಿಂತಿತು. ಎರಡೂ ಫ್ಯಾನ್ ಸೇರಿ ಬಳಸುವ ವಿದ್ಯುತ್ತು ಹತ್ತು ವ್ಯಾಟ್‌ಗಿಂತ ಕಡಿಮೆ. ದಿನಕ್ಕೆ ಎರಡು ಲೀಟರಿನಷ್ಟು ನೀರು ಆರುತ್ತದೆ.

ಆ ಆರುವ ನೀರಿನ ತೇವ ಕೋಣೆಯಿಂದ ಹೊರಗೆ ಹೋಗಬೇಕು. ಕಿಟಕಿ ಬಾಗಿಲು ಮುಚ್ಚಿ ಕೂಲರ್ ಹಚ್ಚುವವರು ಇಲ್ಲಿ ಎಡವುತ್ತಾರೆ. ಕೋಣೆಯ ಗಾಳಿ ತೇವದಿಂದ ತುಂಬಿದ ಮೇಲೆ ತೊಟ್ಟಿಯ ನೀರು ಆರುವುದೇ ಇಲ್ಲ. ಕೂಲರ್ ಬೇಕೆಂದರೆ ಅದರ ಎದುರಿನ ಕಿಟಕಿಯನ್ನು ತೆರೆದಿಡಿ. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುವವರಿಗೂ ಇದೇ ಮಾತು.

ನಾಲ್ಕನೆಯ ಹೆಜ್ಜೆ: ಆರಿದ ನೀರನ್ನು ಯಾವ ನೀರಿನಿಂದ ತುಂಬಿಸಬೇಕು

ಆವಿಯಾಗುವುದು ಬರೀ ನೀರು. ಅದರಲ್ಲಿದ್ದ ಸುಣ್ಣ, ಲವಣಗಳು ತೊಟ್ಟಿಯಲ್ಲೇ ಉಳಿಯುತ್ತವೆ. ದಿನವೂ ಎರಡು ಲೀಟರ್ ಬೋರ್ ನೀರನ್ನೇ ತುಂಬಿಸುತ್ತ ಹೋದರೆ ಎರಡು ತಿಂಗಳಿಗೆ 120 ಲೀಟರಿನ ಲವಣ 100 ಲೀಟರಿನ ತೊಟ್ಟಿಯಲ್ಲಿ ಸೇರಿರುತ್ತದೆ. ಗಾಜಿನ ಅಂಚಿಗೆ ಬಿಳಿ ಪಟ್ಟೆ ಕಟ್ಟುವುದನ್ನು ಕಂಡಿರಬಹುದು, ಹೊಸ ಮನೆಯ ಗೀಸರಿನಲ್ಲಿ ಕಟ್ಟುವಂಥದ್ದೇ.

ಆದ್ದರಿಂದ ಆರಿದ ನೀರಿನ ಜಾಗಕ್ಕೆ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಆರ್‌ಒ ನೀರನ್ನು ಹಾಕಿ. ಇಪ್ಪತ್ತು ಲೀಟರಿನ ಒಂದು ಕ್ಯಾನ್ ಹತ್ತು ದಿನಕ್ಕೆ ಸಾಕು. ಇದು ಆರಿದಷ್ಟನ್ನು ತುಂಬಿಸಲು ಮಾತ್ರ. ವಾರದ ನೀರು ಬದಲಾವಣೆಗೆ ಎಂದಿನ ನೀರೇ ಇರಲಿ, ಮೀನಿಗೆ ಒಂದಿಷ್ಟು ಲವಣ ಬೇಕು. ಗಾಜಿನ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದಿಡಿ, ಪ್ರತಿದಿನ ಬೆಳಿಗ್ಗೆ ಆ ಗೆರೆಯವರೆಗೆ ತುಂಬಿಸಿ.

ನೀರು ಬದಲಾವಣೆ ವಾರಕ್ಕೆ ಎರಡು ಬಾರಿ, ಪ್ರತಿಸಲ ಹತ್ತರಿಂದ ಹದಿನೈದು ಲೀಟರ್. ಮಧ್ಯಾಹ್ನದ ಹೊತ್ತು ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನ ನೀರು ಸ್ನಾನಕ್ಕೂ ಬಿಸಿ. ಅದನ್ನು ಎಂದೂ ನೇರ ತೊಟ್ಟಿಗೆ ಬಿಡಬೇಡಿ. ನೆಲದೊಳಗಿನ ಸಂಪಿನಿಂದ ರಾತ್ರಿಯೇ ಎರಡು ಬಕೆಟ್ ಸೇದಿಟ್ಟು, ಬೆಳಿಗ್ಗೆ ಬಳಸಿ. ಹುಬ್ಬಳ್ಳಿಗೆ ಬರುವ ಮಲಪ್ರಭೆಯ ನೀರಿರಲಿ, ಗದಗಿಗೆ ಬರುವ ತುಂಗಭದ್ರೆಯ ನೀರಿರಲಿ, ನಲ್ಲಿಯ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಆಂಟಿ ಕ್ಲೋರಿನ್ ಹನಿ ಹಾಕಿಯೇ ಬಳಸಿ. ಬೋರ್ ನೀರಿನಲ್ಲಿ ಆಮ್ಲಜನಕ ಕಡಿಮೆ, ಅದಕ್ಕೆ ರಾತ್ರಿಯಿಡೀ ಏರ್ ಪಂಪಿನ ನಳಿಕೆ ಬಿಡಿ.

ಐದನೆಯ ಹೆಜ್ಜೆ: ಉಸಿರು ಮತ್ತು ಊಟ

ಏರ್ ಪಂಪ್ ಹಗಲು ರಾತ್ರಿ ನಡೆಯಲಿ. ಗಿಡಗಳಿರುವ ತೊಟ್ಟಿಯಲ್ಲಿ ರಾತ್ರಿ ಗಿಡಗಳೂ ಆಮ್ಲಜನಕ ಬಳಸುತ್ತವೆ, ನಸುಕಿನ ಹೊತ್ತಿಗೆ ಅದು ತೀರ ತಳಕ್ಕೆ ಇಳಿದಿರುತ್ತದೆ. ನನ್ನ ಏಂಜಲ್‌ಗಳು ಸತ್ತದ್ದು ಅದೇ ಹೊತ್ತಿಗೆ. ಪಂಪನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿಡಿ, ಇಲ್ಲದಿದ್ದರೆ ವಿದ್ಯುತ್ ಹೋದಾಗ ನೀರು ನಳಿಕೆಯಲ್ಲಿ ಹಿಂದಕ್ಕೆ ಹರಿದು ಬರುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಏರ್ ಪಂಪ್ ಕೋಣೆಯ ಗಾಳಿಯನ್ನೇ ಹೀರಿ ನೀರಿಗೆ ತುಂಬುತ್ತದೆ. ಸೊಳ್ಳೆ ಓಡಿಸುವ ಸ್ಪ್ರೇ, ಬತ್ತಿ, ದ್ರವಗಳಲ್ಲಿ ಇರುವ ಪೈರೆಥ್ರಾಯ್ಡ್ ಜಾತಿಯ ರಾಸಾಯನಿಕಗಳು ಮೀನಿಗೆ ಅತ್ಯಂತ ವಿಷಕಾರಿ. ತೊಟ್ಟಿಯಿರುವ ಕೋಣೆಯಲ್ಲಿ ಇವನ್ನು ಬಳಸಲೇಬೇಡಿ. ಮುಚ್ಚಳ ತೆಗೆದರೆ ಸೊಳ್ಳೆ ಹೆಚ್ಚುತ್ತದೆ ಎಂಬ ಭಯವೂ ಬೇಡ. ಸೊಳ್ಳೆಯ ಮರಿ ತಿನ್ನಲೆಂದೇ ಗಪ್ಪಿಗಳನ್ನು ಕೆರೆ ಬಾವಿಗಳಿಗೆ ಬಿಡುತ್ತಾರೆ.

ಊಟ ದಿನಕ್ಕೆ ಒಮ್ಮೆ, ಬೆಳಗಿನ ತಂಪಿನಲ್ಲಿ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಬಿಸಿ ನೀರಿನಲ್ಲಿ ಉಳಿದ ಕಾಳು ಬೇಗ ಕೊಳೆಯುತ್ತದೆ, ಕೊಳೆಯುವಾಗ ಆಮ್ಲಜನಕವನ್ನೂ ಕಸಿಯುತ್ತದೆ. ಬೇಸಿಗೆ ಮುಗಿಯುವವರೆಗೆ ಹೊಸ ಮೀನು ತರಬೇಡಿ.

ವಿದ್ಯುತ್ ಹೋದಾಗ

ಏಪ್ರಿಲ್ ಮೇ ತಿಂಗಳ ಸಂಜೆ ಗುಡುಗು, ಬಿರುಗಾಳಿ ಎದ್ದು, ನಾಲ್ಕು ಹನಿ ಬಿದ್ದು, ತಂತಿ ಹರಿದು ಗಂಟೆಗಟ್ಟಲೆ ಕತ್ತಲಾಗುವುದು ನಮಗೆ ಹೊಸದಲ್ಲ. ಆಗ ತಂಪಿಗಿಂತ ಉಸಿರು ಮೊದಲು. ಬ್ಯಾಟರಿಯಿಂದ ನಡೆಯುವ ಸಣ್ಣ ಏರ್ ಪಂಪ್ ಒಂದನ್ನು ಚಾರ್ಜ್ ಮಾಡಿ ತೊಟ್ಟಿಯ ಬಳಿಯೇ ಇಡಿ. ವೈಫೈ ರೂಟರ್‌ಗೆಂದು ಮಾರುವ 12 ವೋಲ್ಟಿನ ಸಣ್ಣ ಯುಪಿಎಸ್ ಈ ಫ್ಯಾನ್‌ಗಳಿಗೂ ಹೊಂದುತ್ತದೆ. ಒಂದು ಫ್ಯಾನ್ ಮೂರ್ನಾಲ್ಕು ಗಂಟೆ ನಡೆಯುತ್ತದೆ.

ಏನೂ ಇಲ್ಲದಿದ್ದರೆ ಒಂದು ಚರಿಗೆ ಸಾಕು. ತೊಟ್ಟಿಯ ನೀರನ್ನೇ ಮೊಗೆದು ಒಂದಡಿ ಎತ್ತರದಿಂದ ಸಣ್ಣ ಧಾರೆಯಾಗಿ ಸುರಿಯಿರಿ, ಐದು ನಿಮಿಷ, ಅರ್ಧ ಗಂಟೆಗೊಮ್ಮೆ. ಮಕ್ಕಳಿಗೆ ಈ ಕೆಲಸ ಒಪ್ಪಿಸಿದರೆ ಅವರು ಸರದಿ ಹಾಕಿಕೊಂಡು ಮಾಡುತ್ತಾರೆ. ಮುಚ್ಚಿದ ಡಬ್ಬಿಯಂಥ ಹೊರ ಫಿಲ್ಟರ್ ಇರುವವರು, ಅದು ಮೂರು ಗಂಟೆಗಿಂತ ಹೆಚ್ಚು ನಿಂತಿದ್ದರೆ, ಒಳಗಿನ ಕೊಳೆತ ನೀರನ್ನು ಚೆಲ್ಲಿಯೇ ಮತ್ತೆ ಹಚ್ಚಬೇಕು.

ಮೀನು ಮೇಲೆ ಬಂದು ಬಾಯಿ ಆಡಿಸುತ್ತಿದ್ದರೆ

ಫೈಟರ್, ಗೌರಾಮಿಗಳು ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲವು, ಕೋರಿಡೋರಸ್ ಕೂಡ ಆಗಾಗ ಮೇಲೆ ಬಂದು ಗಾಳಿ ನುಂಗುತ್ತದೆ. ಅವು ಬಂದು ಹೋಗುವುದು ಸಹಜ. ಉಳಿದ ಮೀನುಗಳು ಗುಂಪಾಗಿ ಮೇಲೆಯೇ ನಿಂತಿದ್ದರೆ ತಡಮಾಡಬೇಡಿ, ಈ ಕ್ರಮದಲ್ಲೇ ಮಾಡಿ.

1. ದೀಪ ಆರಿಸಿ, ಮುಚ್ಚಳ ತೆಗೆದು, ಏರ್ ಪಂಪನ್ನು ಪೂರ್ತಿ ಜೋರು ಮಾಡಿ. ಅರ್ಧ ಅಪಾಯ ಇಲ್ಲಿಗೇ ಕಳೆಯುತ್ತದೆ.
2. ಫ್ಯಾನ್ ಇಲ್ಲದಿದ್ದರೆ ಮನೆಯ ಟೇಬಲ್ ಫ್ಯಾನನ್ನು ತೊಟ್ಟಿಗೆ ಬೀಳದಷ್ಟು ದೂರದಲ್ಲಿ ಭದ್ರವಾಗಿ ನಿಲ್ಲಿಸಿ, ಗಾಳಿ ಮೇಲ್ಮೈ ಸವರುವಂತೆ ತಿರುಗಿಸಿ.
3. ಹತ್ತು ಲೀಟರ್ ನೀರು ತೆಗೆದು, ತೊಟ್ಟಿಗಿಂತ ಮೂರ್ನಾಲ್ಕು ಡಿಗ್ರಿ ತಂಪಿರುವ, ಕ್ಲೋರಿನ್ ಕಳೆದ ನೀರನ್ನು ನಿಧಾನವಾಗಿ ಸೇರಿಸಿ.
4. ಆಗಲೂ 32ರ ಮೇಲೆಯೇ ಇದ್ದರೆ ಮಾತ್ರ ಐಸ್. ಅರ್ಧ ಲೀಟರಿನ ಬಾಟಲಿಯಲ್ಲಿ ನೀರು ಗಟ್ಟಿ ಮಾಡಿ, ಹೊರಗೆ ತೊಳೆದು, ಮುಚ್ಚಳ ಬಿಗಿದು, ಒಂದನ್ನೇ ತೇಲಿಬಿಡಿ. ಅದು 100 ಲೀಟರಿನಲ್ಲಿ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ಇಳಿಸುತ್ತದೆ. ಗಂಟೆಗೆ ಒಂದು ಡಿಗ್ರಿ ಮೀರಬಾರದು. 30ಕ್ಕೆ ಬಂದೊಡನೆ ನಿಲ್ಲಿಸಿ, ಉಳಿದದ್ದನ್ನು ಫ್ಯಾನಿಗೆ ಬಿಡಿ.
5. ಒಂದು ದಿನ ಊಟ ಬೇಡ. ಔಷಧಿಯನ್ನೂ ಹಾಕಬೇಡಿ, ಕೆಲವು ಔಷಧಿಗಳು ನೀರಿನ ಆಮ್ಲಜನಕವನ್ನು ಇನ್ನಷ್ಟು ತಗ್ಗಿಸುತ್ತವೆ.

ಇನ್ನು ಚಿಲ್ಲರ್ ಯಂತ್ರ. ಅದು ದುಬಾರಿ, ಹೀರಿದ ಶಾಖವನ್ನೆಲ್ಲ ಅದೇ ಕೋಣೆಗೆ ಬಿಡುತ್ತದೆ. ನಮ್ಮ ಒಣಹವೆಯಲ್ಲಿ ಸಾಧಾರಣ ಮೀನು ಸಾಕುವವರಿಗೆ ಅದರ ಅಗತ್ಯ ನನಗೆ ಕಂಡಿಲ್ಲ.

ಮಳೆ ಬಂದ ಮೇಲೆ

ಮೇ ಕೊನೆಯ ರೋಹಿಣಿ ಮಳೆಯ ಹೊತ್ತಿಗೆ ಗಾಳಿಯಲ್ಲಿ ತೇವ ಏರುತ್ತದೆ, ಫ್ಯಾನಿನ ಪ್ರಭಾವ ತಗ್ಗುತ್ತದೆ. ಆ ಎರಡು ವಾರ ನೀರು ಬದಲಾವಣೆಯನ್ನು ಒಂದು ಸಲ ಹೆಚ್ಚಿಸಿ. ಜೂನ್‌ನ ಮೃಗಶಿರಾ ಮಳೆ ಹಿಡಿದ ರಾತ್ರಿ ಹವೆ ತಟ್ಟನೆ ತಂಪಾಗುತ್ತದೆ. ಫ್ಯಾನ್ ಹಾಗೆಯೇ ಓಡುತ್ತಿದ್ದರೆ 30 ಇದ್ದ ನೀರು ಬೆಳಗಾಗುವುದರೊಳಗೆ 25ಕ್ಕೆ ಇಳಿಯಬಹುದು. ಹೀಗೆ ಒಮ್ಮೆಲೇ ಇಳಿದಾಗ ಮೀನಿನ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿಚುಕ್ಕೆ ರೋಗ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಮೊದಲ ದೊಡ್ಡ ಮಳೆಯ ಸಂಜೆಯೇ ಒಂದು ಫ್ಯಾನ್ ಆರಿಸಿ, ಎರಡು ದಿನ ಬಿಟ್ಟು ಇನ್ನೊಂದನ್ನು ಆರಿಸಿ, ವಾರದ ನಂತರ ಗಾಜಿನ ಮುಚ್ಚಳವನ್ನು ಅರ್ಧ ಮುಚ್ಚಿ. ಫ್ಯಾನಿನ ರೆಕ್ಕೆಗೆ ಹಿಡಿದ ಬಿಳಿ ಸುಣ್ಣವನ್ನು ನಿಂಬೆರಸದ ಬಟ್ಟೆಯಿಂದ ಒರೆಸಿ, ಒಣಗಿಸಿ, ಅಡಾಪ್ಟರ್ ಮತ್ತು ಆ ವರ್ಷದ ತಾಪಮಾನದ ಹಾಳೆಯ ಜೊತೆ ಒಂದೇ ಡಬ್ಬಿಯಲ್ಲಿಡಿ.